ಲಂಡನ್ನಿನ ತಕ್ಕಡಿ, ನಮ್ಮೂರಿನ ಹದಿಮೂರು ತಿಂಗಳು



ಆಗಸ್ಟ್ 15ರಂದು ನಮ್ಮ ಕಾಲೇಜಿನ ಅಂಗಳದಲ್ಲಿ ರಾಷ್ಟ್ರಧ್ವಜ ಹಾರಿಸುತ್ತೇವೆ. ಸರಿಯಾಗಿ ಒಂದು ತಿಂಗಳು ಎರಡು ದಿನ ಕಳೆದ ಮೇಲೆ, ಸೆಪ್ಟೆಂಬರ್ 17ರಂದು, ಮತ್ತೆ ಹಾರಿಸುತ್ತೇವೆ. ಮೈಸೂರಿನ, ಮಂಗಳೂರಿನ, ಧಾರವಾಡದ ಮಕ್ಕಳಿಗೆ ಈ ಎರಡನೆಯ ದಿನ ಇಲ್ಲ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯವರಿಗೆ ಮಾತ್ರ ಇದೆ. ಬ್ರಿಟಿಷರು ಹೋದದ್ದು 1947ರಲ್ಲಿ; ನಮ್ಮ ಎರಡನೆಯ ದಿನ 1948ರದ್ದು. ನಡುವೆ ಹದಿಮೂರು ತಿಂಗಳ ಅಂತರ.

ಈ ಅಂತರ ಎಲ್ಲಿಂದ ಬಂತು? ಸಾಮಾನ್ಯವಾಗಿ ನಾವು ಉತ್ತರವನ್ನು ಹೈದರಾಬಾದಿನಲ್ಲಿ ಹುಡುಕುತ್ತೇವೆ: ನಿಜಾಮರು ಒಪ್ಪಲಿಲ್ಲ, ರಜಾಕಾರರು ಬಂದರು, ಪೊಲೀಸ್ ಕಾರ್ಯಾಚರಣೆ ಆಯಿತು. ಅದು ನಿಜ, ಆದರೆ ಅರ್ಧ ಉತ್ತರ. ಉಳಿದರ್ಧ ಲಂಡನ್ನಿನಲ್ಲಿದೆ. ಸಮುದ್ರದಾಚೆಗಿನ ಒಂದು ಸರ್ಕಾರ ತನ್ನ ವಸಾಹತಿನ ಭವಿಷ್ಯವನ್ನು ತಕ್ಕಡಿಯಲ್ಲಿಟ್ಟು ತೂಗಿತು. ಏನನ್ನು ತೂಗಿತು, ಏನನ್ನು ತೂಗಲಿಲ್ಲ ಎಂಬುದನ್ನು ತಿಳಿದರೆ ಬಸವಕಲ್ಯಾಣ, ಹುಮನಾಬಾದ್ ಕಡೆ ನಡೆದದ್ದು ಅರ್ಥವಾಗುತ್ತದೆ. ದ್ವಿತೀಯ ಪಿಯುಸಿಯ ಇತಿಹಾಸ ಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಈ ಭಾಗವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಜ್ಞಾನ, ವಾಣಿಜ್ಯ ವಿಭಾಗದವರೂ ಓದಿ. ಇದು ನಿಮ್ಮ ಅಜ್ಜ ಅಜ್ಜಿಯರ ಕಾಲದ ಮಾತು.

ನಾಲ್ಕು ಮೆಟ್ಟಿಲು

ಮೊದಲು ಆಗಿನ ನಮ್ಮ ಊರುಗಳ ಸ್ಥಿತಿ ತಿಳಿಯಬೇಕು. ಬ್ರಿಟಿಷರ ಕಾಲದ ಭಾರತ ಎರಡು ಭಾಗವಾಗಿತ್ತು. ಒಂದು, ಬ್ರಿಟಿಷರೇ ನೇರವಾಗಿ ಆಳುತ್ತಿದ್ದ ಪ್ರಾಂತ್ಯಗಳು. ಇನ್ನೊಂದು, ರಾಜರು, ನವಾಬರು ಆಳುತ್ತಿದ್ದ ಸಂಸ್ಥಾನಗಳು. ಸಂಸ್ಥಾನಗಳ ಸಂಖ್ಯೆ ಸುಮಾರು 565. ದೇಶದ ನೆಲದಲ್ಲಿ ಐದರಲ್ಲಿ ಎರಡು ಪಾಲು, ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅವುಗಳಲ್ಲಿತ್ತು. ಅತಿ ಹೆಚ್ಚು ಜನರಿದ್ದ ಸಂಸ್ಥಾನ ಹೈದರಾಬಾದ್: ಸುಮಾರು 82,000 ಚದರ ಮೈಲಿ, 1941ರ ಜನಗಣತಿಯಂತೆ 1 ಕೋಟಿ 63 ಲಕ್ಷ ಜನ. ತೆಲುಗು, ಮರಾಠಿ, ಕನ್ನಡ, ಉರ್ದು ಮಾತಾಡುವವರೆಲ್ಲ ಅದರಲ್ಲಿದ್ದರು. ಬೀದರ್ ಜಿಲ್ಲೆ ಅದರ ಒಂದು ಭಾಗ.

ಇಂದಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದು ಹೆಸರು. ಅದು ನಿಜಾಮ್ ರಾಜ್ಯದೊಳಗಿನ ಒಂದು ಜಾಗೀರು. ಹಾಗಾಗಿ ಕಲ್ಯಾಣಿಯ ಒಬ್ಬ ರೈತನ ತಲೆಯ ಮೇಲೆ ನಾಲ್ಕು ಮೆಟ್ಟಿಲಿನ ಅಧಿಕಾರವಿತ್ತು. ಮೊದಲನೆಯದು ಕಂದಾಯ ಪಡೆಯುವ ಜಾಗೀರುದಾರರಾದ ಕಲ್ಯಾಣಿಯ ನವಾಬರು. ಅವರ ಮೇಲೆ ಹೈದರಾಬಾದಿನ ನಿಜಾಮರು. ನಿಜಾಮರ ಮೇಲೆ ಕಣ್ಣಿಟ್ಟು ಹೈದರಾಬಾದಿನ ಕೋಠಿಯಲ್ಲಿ ಕುಳಿತ ಬ್ರಿಟಿಷ್ ರೆಸಿಡೆಂಟ್. ಅವನ ಮೇಲೆ ವೈಸ್‌ರಾಯ್ ಮೂಲಕ ಲಂಡನ್ ಸರ್ಕಾರ. ಆ ರೈತನ ಮಾತು ಮೊದಲ ಮೆಟ್ಟಿಲು ಹತ್ತುವುದೇ ಕಷ್ಟ. ನಾಲ್ಕನೆಯದು ಅವನ ಕಣ್ಣಿಗೂ ಬೀಳುತ್ತಿರಲಿಲ್ಲ.

ಹುಮನಾಬಾದಿನಿಂದ ಸೊಲ್ಲಾಪುರಕ್ಕೆ ಇಂದು ಹೆದ್ದಾರಿ ಹಿಡಿದು ಒಂದೇ ಬಸ್ಸಿನಲ್ಲಿ ಹೋಗಿಬಿಡುತ್ತೇವೆ. ಆಗ ಅದು ಗಡಿ ದಾಟುವ ಪ್ರಯಾಣ. ಸೊಲ್ಲಾಪುರ ಬ್ರಿಟಿಷರ ಬಾಂಬೆ ಪ್ರಾಂತ್ಯದಲ್ಲಿತ್ತು. ಈ ಕಡೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಆ ಕಡೆ ಬ್ರಿಟಿಷ್ ರೂಪಾಯಿ. ಸರಕಿಗೆ ಕರೋಡಗಿರಿ, ಅಂದರೆ ನಿಜಾಮ್ ರಾಜ್ಯದ ಸುಂಕದ ಇಲಾಖೆ. ಕಚೇರಿಯ ಭಾಷೆ ಉರ್ದು, ವರ್ಷದ ಲೆಕ್ಕ ಫಸಲಿ. ಮನೆಯಲ್ಲಿ ಉರ್ದು ಮಾತಾಡುವ ನಿಮ್ಮಲ್ಲಿ ಹಲವರಿಗೆ ಫರ್ಮಾನು, ಜಾಗೀರು, ಸಿಕ್ಕಾ ಎಂಬ ಪದಗಳನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಸರ್ವೋಚ್ಚಾಧಿಕಾರ ಎಂದರೇನು?

ನಾಲ್ಕನೆಯ ಮೆಟ್ಟಿಲಿನ ಅಧಿಕಾರಕ್ಕೆ ಇಂಗ್ಲಿಷರು ಪ್ಯಾರಮೌಂಟ್ಸಿ ಎನ್ನುತ್ತಿದ್ದರು. ಕನ್ನಡದಲ್ಲಿ ಸರ್ವೋಚ್ಚಾಧಿಕಾರ ಎನ್ನೋಣ. ಸಹಾಯಕ ಸೈನ್ಯ ಪದ್ಧತಿಯನ್ನು ನೀವು ಓದಿದ್ದೀರಿ. 1798ರಲ್ಲಿ ಅದಕ್ಕೆ ಸಹಿ ಹಾಕಿದ ಮೊದಲ ದೊಡ್ಡ ಸಂಸ್ಥಾನ ಹೈದರಾಬಾದ್. ಅಲ್ಲಿಂದ ಮುಂದೆ ನಿಜಾಮರ ರಕ್ಷಣೆಗೆ ಬ್ರಿಟಿಷ್ ಸೈನ್ಯ ಬಂತು, ಅದರ ಖರ್ಚು ನಿಜಾಮರ ತಲೆಗೆ ಬಂತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ವೆಚ್ಚಕ್ಕಾಗಿ 1853ರಲ್ಲಿ ಹತ್ತಿ ಬೆಳೆಯುವ ಬೇರಾರ್ ಪ್ರದೇಶವನ್ನೇ ಬ್ರಿಟಿಷರಿಗೆ ಒಪ್ಪಿಸಬೇಕಾಯಿತು.

ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಅವರು ಬೇರಾರನ್ನು ಮರಳಿ ಕೇಳಿದರು. ಒಳಾಡಳಿತದ ವಿಷಯದಲ್ಲಿ ತಾವು ಬ್ರಿಟಿಷ್ ಸರ್ಕಾರಕ್ಕೆ ಸಮಾನರು ಎಂದು ವಾದಿಸಿದರು. ವೈಸ್‌ರಾಯ್ ಲಾರ್ಡ್ ರೀಡಿಂಗ್ 1926ರ ಮಾರ್ಚ್ 27ರಂದು ಖಾರವಾದ ಉತ್ತರ ಬರೆದ. ಅದರ ಸಾರ ಇಷ್ಟು: ಭಾರತದಲ್ಲಿ ಬ್ರಿಟಿಷ್ ಸಾರ್ವಭೌಮತ್ವವೇ ಎಲ್ಲಕ್ಕಿಂತ ಮೇಲು, ಅದು ಬರಿಯ ಒಪ್ಪಂದದ ಕಾಗದದಿಂದ ಬಂದದ್ದಲ್ಲ, ಯಾವ ಸಂಸ್ಥಾನದ ಅರಸನೂ ಅದರೊಡನೆ ಸಮಾನನಾಗಿ ಮಾತಾಡಲಾರ.

ಈ ಪತ್ರವನ್ನು ನೆನಪಿಟ್ಟುಕೊಳ್ಳಿ. 21 ವರ್ಷಗಳ ನಂತರ ಅದೇ ಸರ್ಕಾರ ಅದೇ ಅಧಿಕಾರದ ಬಗ್ಗೆ ಬೇರೆಯೇ ಮಾತು ಹೇಳಿತು.

ತಕ್ಕಡಿಯಲ್ಲಿ ಏನಿತ್ತು?

ಭಾರತದ ದೀರ್ಘ ಭವಿಷ್ಯದ ಬಗ್ಗೆ ಲಂಡನ್ ಒಂದೇ ದಿನದಲ್ಲಿ ತೀರ್ಮಾನಿಸಲಿಲ್ಲ. ಹಂತ ಹಂತವಾಗಿ ಸ್ವಯಮಾಡಳಿತ ಕೊಡುವುದಾಗಿ 1917ರ ಆಗಸ್ಟ್ 20ರಂದು ಭಾರತ ಮಂತ್ರಿ ಮಾಂಟೆಗು ಘೋಷಿಸಿದ. ಎಷ್ಟು ಹಂತ, ಎಷ್ಟು ವರ್ಷ ಎಂದು ಹೇಳಲಿಲ್ಲ. 1919ರ ಕಾಯ್ದೆ, ಒಬ್ಬ ಭಾರತೀಯನೂ ಇಲ್ಲದ ಸೈಮನ್ ಆಯೋಗ, ಮೂರು ದುಂಡುಮೇಜಿನ ಪರಿಷತ್ತುಗಳು, 1935ರ ಕಾಯ್ದೆ, ಎಲ್ಲವೂ ಇದೇ ದಾರಿಯ ಮೈಲಿಗಲ್ಲುಗಳು. 1935ರ ಕಾಯ್ದೆಯಲ್ಲಿ ಪ್ರಾಂತ್ಯಗಳೂ ಸಂಸ್ಥಾನಗಳೂ ಸೇರಿದ ಒಕ್ಕೂಟದ ಯೋಜನೆ ಇತ್ತು. ಸಾಕಷ್ಟು ಸಂಸ್ಥಾನಗಳು ಒಪ್ಪದ ಕಾರಣ ಅದು ಜಾರಿಗೆ ಬರಲೇ ಇಲ್ಲ. ಬಂದಿದ್ದರೆ ನಮ್ಮ ಜಿಲ್ಲೆಯ ಕಥೆ ಬೇರೆಯಾಗಬಹುದಿತ್ತು.

ಎರಡನೆಯ ಮಹಾಯುದ್ಧ ಲೆಕ್ಕವನ್ನೇ ಬದಲಿಸಿತು. 1942ರ ಫೆಬ್ರವರಿಯಲ್ಲಿ ಸಿಂಗಾಪುರ, ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾದವು. ಅದೇ ಮಾರ್ಚ್‌ನಲ್ಲಿ ಸರ್ ಸ್ಟಾಫರ್ಡ್ ಕ್ರಿಪ್ಸ್ ದೆಹಲಿಗೆ ಬಂದು ಯುದ್ಧ ಮುಗಿದ ಮೇಲೆ ಡೊಮಿನಿಯನ್ ಸ್ಥಾನ ಕೊಡುತ್ತೇವೆ ಎಂದ. ಸಾಮ್ರಾಜ್ಯವನ್ನು ಕರಗಿಸುವುದಕ್ಕೆ ತಾನು ಪ್ರಧಾನಿಯಾಗಿಲ್ಲ ಎಂದು ಅದೇ ವರ್ಷ ನವೆಂಬರ್‌ನಲ್ಲಿ ಚರ್ಚಿಲ್ ಗುಡುಗಿದ. ಒಂದೇ ಸರ್ಕಾರದೊಳಗೆ ಎರಡು ಮನಸ್ಸು.

1945ರ ಜುಲೈನಲ್ಲಿ ಲೇಬರ್ ಪಕ್ಷ ಗೆದ್ದು ಅಟ್ಲಿ ಪ್ರಧಾನಿಯಾದರು. ಅವರ ಮುಂದಿದ್ದ ತಕ್ಕಡಿಯಲ್ಲಿ ಮುಖ್ಯವಾಗಿ ಮೂರು ತೂಕಗಳಿದ್ದವು.

ಮೊದಲನೆಯದು ಹಣ. ಯುದ್ಧಕ್ಕೆ ಮೊದಲು ಭಾರತ ಬ್ರಿಟನ್ನಿಗೆ ಸಾಲಗಾರ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನೇ ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಕೊಡಬೇಕಿತ್ತು. ಇದನ್ನೇ ಸ್ಟರ್ಲಿಂಗ್ ಬಾಕಿ ಎನ್ನುತ್ತಾರೆ. ವಾಣಿಜ್ಯ ವಿದ್ಯಾರ್ಥಿಗಳು ಗುರುತು ಮಾಡಿಕೊಳ್ಳಿ. ಬ್ರಿಟನ್ ತನ್ನ ಮನೆ ನಡೆಸಲು ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತೆಗೆದುಕೊಂಡಿತ್ತು. 1947ರ ಚಳಿಗಾಲದಲ್ಲಿ ಅಲ್ಲಿನ ಮನೆಗಳಿಗೆ ಕಲ್ಲಿದ್ದಲೂ ಸಾಲದಾಗಿತ್ತು.

ಎರಡನೆಯದು ಬಲ. ಯುದ್ಧದಲ್ಲಿ ಭಾರತೀಯ ಸೇನೆಯ ಸಂಖ್ಯೆ 25 ಲಕ್ಷ ಮುಟ್ಟಿತ್ತು. ಆ ಸೇನೆಯ ನಿಷ್ಠೆಯ ಮೇಲೆ ಆಳ್ವಿಕೆ ನಿಂತಿತ್ತು. 1945ರ ಕೊನೆಯಲ್ಲಿ ಕೆಂಪುಕೋಟೆಯಲ್ಲಿ ನಡೆದ ಆಜಾದ್ ಹಿಂದ್ ಸೇನೆಯ ವಿಚಾರಣೆ, 1946ರ ಫೆಬ್ರವರಿ 18ರಂದು ಬಾಂಬೆಯಲ್ಲಿ ಆರಂಭವಾದ ನೌಕಾಪಡೆಯ ಬಂಡಾಯ, ಇವೆರಡೂ ಆ ನಂಬಿಕೆಯನ್ನು ಅಲುಗಿಸಿದವು. ಬಂಡಾಯ ಶುರುವಾದ ಮರುದಿನವೇ, ಮೊದಲೇ ತೀರ್ಮಾನವಾಗಿದ್ದ ಕ್ಯಾಬಿನೆಟ್ ನಿಯೋಗವನ್ನು ಅಟ್ಲಿ ಪ್ರಕಟಿಸಿದರು. 1948ರ ಆಚೆಗೆ ಆಡಳಿತ ಹಿಡಿದಿಡುವುದು ಸಾಧ್ಯವಿಲ್ಲ, ದಕ್ಷಿಣದ ಪ್ರಾಂತ್ಯಗಳಿಂದ ಮೊದಲು ಹಿಂದೆ ಸರಿಯಬೇಕು ಎಂಬ ಯೋಜನೆಯನ್ನು ವೈಸ್‌ರಾಯ್ ವೇವೆಲ್ ಲಂಡನ್ನಿಗೆ ಕಳಿಸಿದ್ದ.

ಮೂರನೆಯದು ಮಾನ. ಸೋತು ಓಡಿದರು ಎಂದು ಜಗತ್ತು ಹೇಳಬಾರದು. ತಾವಾಗಿ ಒಪ್ಪಿಸಿ ಹೊರಟರು ಎನ್ನಬೇಕು. ಹೋದ ಮೇಲೂ ಭಾರತ, ಪಾಕಿಸ್ತಾನಗಳು ಕಾಮನ್‌ವೆಲ್ತ್ ಕೂಟದಲ್ಲಿ ಉಳಿಯಬೇಕು.

ಈ ಮೂರನ್ನೂ ತೂಗಿ 1947ರ ಫೆಬ್ರವರಿ 20ರಂದು ಅಟ್ಲಿ ಪಾರ್ಲಿಮೆಂಟಿನಲ್ಲಿ ಘೋಷಿಸಿದರು: 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ. ಮಾರ್ಚ್‌ನಲ್ಲಿ ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಆ ಗಡುವನ್ನೂ ಹಿಂದಕ್ಕೆ ಎಳೆದು ಆಗಸ್ಟ್ 15 ಎಂದು ನಿಗದಿ ಮಾಡಿದ. ಭಾರತ ಸ್ವಾತಂತ್ರ್ಯ ಮಸೂದೆ ಜುಲೈ 4ರಂದು ಪಾರ್ಲಿಮೆಂಟಿನ ಮುಂದೆ ಬಂತು. ಜುಲೈ 18ರಂದು ರಾಜಮುದ್ರೆ ಬಿತ್ತು. ಕೇವಲ ಹದಿನಾಲ್ಕು ದಿನ.

ಏಳನೆಯ ಕಲಂ

ಆ ಕಾಯ್ದೆಯಲ್ಲಿ ಇದ್ದದ್ದು 20 ಕಲಂಗಳು. ನಮ್ಮ ಊರುಗಳ ಪಾಲಿಗೆ ಮುಖ್ಯವಾದದ್ದು ಏಳನೆಯದು. ಅದರ ಪ್ರಕಾರ ಸಂಸ್ಥಾನಗಳ ಮೇಲಿದ್ದ ಬ್ರಿಟಿಷ್ ಅರಸನ ಅಧಿಕಾರ ಆಗಸ್ಟ್ 15ರಂದು ತಾನಾಗಿಯೇ ರದ್ದಾಗುತ್ತದೆ. ಅದರೊಂದಿಗೆ ಎಲ್ಲ ಹಳೆಯ ಒಪ್ಪಂದಗಳೂ ರದ್ದು.

ಗಮನಿಸಿ. ಆ ಅಧಿಕಾರವನ್ನು ಭಾರತಕ್ಕೆ ಕೊಡಲಿಲ್ಲ, ಪಾಕಿಸ್ತಾನಕ್ಕೂ ಕೊಡಲಿಲ್ಲ. ಸಂಸ್ಥಾನದ ಪ್ರಜೆಗಳ ಕೈಗಂತೂ ಕೊಡಲಿಲ್ಲ. ಹಾಗೆಯೇ ಗಾಳಿಗೆ ಬಿಟ್ಟರು. 1926ರಲ್ಲಿ ಎಲ್ಲಕ್ಕಿಂತ ಮೇಲು ಎಂದಿದ್ದ ಅಧಿಕಾರ 1947ರಲ್ಲಿ ವಾರಸುದಾರನಿಲ್ಲದ ಆಸ್ತಿಯಾಯಿತು.

ಬ್ರಿಟಿಷರ ವಾದವನ್ನೂ ನ್ಯಾಯವಾಗಿ ಹೇಳಬೇಕು. ನಾವು ಅರಸರೊಡನೆ ಒಪ್ಪಂದ ಮಾಡಿಕೊಂಡಿದ್ದೇವೆ. ಅವರ ಒಪ್ಪಿಗೆಯಿಲ್ಲದೆ ಅವರನ್ನು ಇನ್ನೊಂದು ಸರ್ಕಾರಕ್ಕೆ ಒಪ್ಪಿಸುವುದು ಮಾತು ತಪ್ಪಿದಂತೆ ಎಂದು ಅವರು ಹೇಳಿದರು. 1929ರ ಬಟ್ಲರ್ ಸಮಿತಿಯೂ 1946ರ ಮೇ 12ರ ಕ್ಯಾಬಿನೆಟ್ ನಿಯೋಗದ ಟಿಪ್ಪಣಿಯೂ ಇದೇ ದಾರಿಯಲ್ಲಿದ್ದವು. ಖಾಲಿಯಾದ ಜಾಗವನ್ನು ಅರಸರೂ ಹೊಸ ಸರ್ಕಾರವೂ ಮಾತಾಡಿ ತುಂಬಿಕೊಳ್ಳಲಿ ಎಂಬುದು ಅವರ ಆಶಯ. ಕೇಳಲು ಸರಿಯಾಗಿಯೇ ಇದೆ. ಆದರೆ ಒಪ್ಪಂದ ಇದ್ದದ್ದು ಅರಸರೊಡನೆ. ಬದುಕು ಇದ್ದದ್ದು ಪ್ರಜೆಗಳದ್ದು.

ಅದೇ ಏಳನೆಯ ಕಲಮಿಗೆ ಒಂದು ಚಿಕ್ಕ ಷರತ್ತು ಸೇರಿಸಿದ್ದರು. ಸುಂಕ, ಸಾಗಣೆ, ಸಂಪರ್ಕ, ಅಂಚೆ, ತಂತಿಗಳಿಗೆ ಸಂಬಂಧಿಸಿದ ಒಪ್ಪಂದಗಳು ಮಾತ್ರ ಯಾರಾದರೂ ರದ್ದು ಮಾಡುವವರೆಗೆ ಮುಂದುವರಿಯಲಿ ಎಂದು. ರೈಲು ನಿಲ್ಲಬಾರದು, ಟಪಾಲು ತಡವಾಗಬಾರದು ಎಂಬ ಎಚ್ಚರ ಆ ಕಾಯ್ದೆಯಲ್ಲಿದೆ. ಸಂಸ್ಥಾನದ ಪ್ರಜೆಯ ಪ್ರಾಣ, ಮನೆ, ಮತದ ಬಗ್ಗೆ ಅಂಥ ಒಂದು ಷರತ್ತೂ ಇಲ್ಲ. ಒಂದು ಕೋಟಿ ಅರವತ್ತು ಲಕ್ಷ ಜನರಿಗೆ ನೀವು ಯಾವ ಕಡೆ ಎಂದು ಕೇಳಬೇಕು ಎಂದು ಯಾವ ಕಲಮೂ ಹೇಳಲಿಲ್ಲ.

ತಕ್ಕಡಿಯಲ್ಲಿ ಇಡದೆ ಬಿಟ್ಟ ನಾಲ್ಕನೆಯ ತೂಕ ಇದು.

ಹದಿಮೂರು ತಿಂಗಳು

ಬ್ರಿಟಿಷರು ಹೋದ ಮೇಲೆ ತಾವು ಸ್ವತಂತ್ರ ಸಾರ್ವಭೌಮರು ಎಂದು ನಿಜಾಮರು 1947ರ ಜೂನ್‌ನಲ್ಲಿಯೇ ಫರ್ಮಾನು ಹೊರಡಿಸಿದ್ದರು. ಏಳನೆಯ ಕಲಂ ಓದಿದರೆ ಅದಕ್ಕೆ ಕಾಗದದ ಆಧಾರವಿತ್ತು. ಭಾರತ ಸರ್ಕಾರದ ಕಡೆಯಿಂದ ನೋಡಿದರೆ, ದೇಶದ ನಟ್ಟನಡುವೆ ಮತ್ತೊಂದು ದೇಶ ಇರುವುದು ಆಗದ ಮಾತು. ಸರ್ದಾರ್ ಪಟೇಲ್ ಮತ್ತು ವಿ.ಪಿ. ಮೆನನ್ ಅವರ ಪ್ರಯತ್ನದಿಂದ ಆಗಸ್ಟ್ 15ರ ಹೊತ್ತಿಗೆ ಬಹುತೇಕ ಸಂಸ್ಥಾನಗಳು ಭಾರತಕ್ಕೆ ಸೇರಿದವು. ಕಾಶ್ಮೀರ, ಜುನಾಗಢ, ಹೈದರಾಬಾದ್ ಉಳಿದವು. ಸಮುದ್ರ ತೀರವಿಲ್ಲದ ಹೈದರಾಬಾದ್ ಪೋರ್ಚುಗೀಸರ ವಶದಲ್ಲಿದ್ದ ಗೋವಾದ ಮರ್ಮಗೋವಾ ಬಂದರನ್ನು ಪಡೆಯಲೂ ಪ್ರಯತ್ನಿಸಿತು. ಒಂದು ವಸಾಹತುಶಾಹಿ ಹೊರಟಾಗ ಇನ್ನೊಂದರ ಬಾಗಿಲು ತಟ್ಟಿದಂತಾಯಿತು.

1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಹೆಸರು ಯಥಾಸ್ಥಿತಿ, ಆದರೆ ಹಳ್ಳಿಗಳಲ್ಲಿ ಯಾವುದೂ ಮೊದಲಿನ ಸ್ಥಿತಿಯಲ್ಲಿ ಉಳಿಯಲಿಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿಯ ನೇತೃತ್ವದಲ್ಲಿ ರಜಾಕಾರರ ದಂಡು ಬೆಳೆಯಿತು. ಸುಲಿಗೆ, ಬೆಂಕಿ, ಕೊಲೆಗಳು ನಡೆದವು. ನಮ್ಮ ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ನೆನಪು ಇಂದಿಗೂ ಆ ಊರಿನಲ್ಲಿದೆ. ಜೀವ ಉಳಿಸಿಕೊಳ್ಳಲು ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಗಡಿಯಾಚೆ ಸೊಲ್ಲಾಪುರದ ಕಡೆ ಹೋದವು.

ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು ಎಂಬುದನ್ನು ಮರೆಯಬೇಡಿ. ಹೈದರಾಬಾದಿನ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತದೊಡನೆ ಸೇರುವುದೇ ಸರಿ ಎಂದು ಬರೆದರು. 1948ರ ಆಗಸ್ಟ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವಾಗ ರಾತ್ರಿ ಅವರನ್ನು ಕೊಂದರು. ಆಗ ಅವರು ಇನ್ನೂ ಯುವಕ. ಪತ್ರಿಕೋದ್ಯಮ ಓದಬೇಕೆನ್ನುವ ನಿಮ್ಮಲ್ಲಿ ಕೆಲವರಿಗೆ ಈ ಹೆಸರು ತಿಳಿದಿರಬೇಕು.

ಜನರನ್ನು ಕೇಳೋಣ, ಮತ ಹಾಕಿಸೋಣ ಎಂಬ ಮಾತು 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಹೊರಡುವ ಮುನ್ನ ಕೊನೆಯ ಕರಡಿನಲ್ಲಿ ಬಂತು. ನಿಜಾಮರು ಒಪ್ಪಲಿಲ್ಲ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು. ಸೊಲ್ಲಾಪುರದಿಂದ ಹೊರಟ ಮುಖ್ಯ ದಳ ನಳದುರ್ಗದ ಮೂಲಕ ಹೈದರಾಬಾದಿನ ಕಡೆ ಸಾಗಿತು. ಹದಿನೇಳರಂದು ನಿಜಾಮರು ಕದನ ವಿರಾಮ ಘೋಷಿಸಿದರು. ಮರುದಿನ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಂದೆ ಹೈದರಾಬಾದಿನ ಸೇನಾಪತಿ ಎಲ್ ಎದ್ರೂಸ್ ಶರಣಾದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಂತರದ ವಾರಗಳಲ್ಲಿ, ರಜಾಕಾರರ ಜೊತೆ ಸಂಬಂಧವೇ ಇಲ್ಲದ ಸಾವಿರಾರು ಮುಸ್ಲಿಮರೂ ಸೇಡಿಗೆ ಬಲಿಯಾದರು. ಪ್ರಧಾನಿ ನೆಹರು ಅವರ ಸೂಚನೆಯಂತೆ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರು 1948ರ ನವೆಂಬರ್, ಡಿಸೆಂಬರ್‌ನಲ್ಲಿ ಸುತ್ತಾಡಿ ವರದಿ ಕೊಟ್ಟರು. ಸತ್ತವರು 27,000ದಿಂದ 40,000 ಇರಬಹುದು ಎಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ತಮ್ಮ ಪ್ರಾಣ ಒತ್ತೆಯಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳೂ ಇದ್ದರು.

ನಿಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುವ ಇಬ್ಬರಲ್ಲಿ ಒಬ್ಬರ ಮನೆಯಲ್ಲಿ ಮೇ ತಿಂಗಳ ನೆನಪು, ಇನ್ನೊಬ್ಬರ ಮನೆಯಲ್ಲಿ ಸೆಪ್ಟೆಂಬರ್ ನಂತರದ ನೆನಪು ಇರಬಹುದು. ಎರಡೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಕೊಂದವರ ಹೊಣೆ ಕೊಂದವರದ್ದೇ. ಅದನ್ನು ಲಂಡನ್ನಿನ ತಲೆಗೆ ಕಟ್ಟಿ ಯಾರೂ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಅಧಿಕಾರದ ಜಾಗ ಖಾಲಿ ಬಿಟ್ಟು, ತುಂಬುವವರು ಯಾರೆಂದು ಹೇಳದೆ ಹೋದವರ ಹೊಣೆಯನ್ನೂ ಇತಿಹಾಸದ ವಿದ್ಯಾರ್ಥಿ ಲೆಕ್ಕಕ್ಕೆ ಹಿಡಿಯಬೇಕು.

ಬೇರೆ ಕಡೆ ಹೇಗಾಯಿತು?

ಇದು ನಮ್ಮ ಊರಿಗಷ್ಟೇ ಆದದ್ದಲ್ಲ. ಭಾರತ ಬಿಟ್ಟು ಹತ್ತು ವರ್ಷವಾದ ಮೇಲೆ, 1957ರ ಜನವರಿಯಲ್ಲಿ, ಬ್ರಿಟನ್ನಿನ ಹೊಸ ಪ್ರಧಾನಿ ಮ್ಯಾಕ್‌ಮಿಲನ್ ಉಳಿದ ವಸಾಹತುಗಳ ಲಾಭ ನಷ್ಟದ ಲೆಕ್ಕ ಹಾಕಿ ಕೊಡಿ ಎಂದು ತನ್ನ ಅಧಿಕಾರಿಗಳಿಗೆ ಹೇಳಿದ. ಯಾವ ವಸಾಹತು ಇಟ್ಟುಕೊಂಡರೆ ಎಷ್ಟು ಗಳಿಕೆ, ಬಿಟ್ಟರೆ ಎಷ್ಟು ಉಳಿತಾಯ ಎಂದು ಅಂಗಡಿಯ ಖಾತೆಯ ಹಾಗೆ.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ನೋಡಿ. ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೊದಲೇ, 1965ರಲ್ಲಿ, ಬ್ರಿಟನ್ ಆ ದ್ವೀಪಗಳನ್ನು ಬೇರ್ಪಡಿಸಿ ತನ್ನಲ್ಲೇ ಇಟ್ಟುಕೊಂಡಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಬೇಕಿತ್ತು. ಅಲ್ಲಿನ ಜನರನ್ನು 1973ರ ಹೊತ್ತಿಗೆ ಸಂಪೂರ್ಣವಾಗಿ ಹೊರಸಾಗಿಸಲಾಯಿತು. ಹೀಗೆ ಬೇರ್ಪಡಿಸಿದ್ದು ಕಾನೂನುಬದ್ಧವಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯಪಟ್ಟಿತು. ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸಿ ಡಿಯಾಗೊ ಗಾರ್ಸಿಯಾವನ್ನು 99 ವರ್ಷ ಗುತ್ತಿಗೆಗೆ ಪಡೆಯುವ ಒಪ್ಪಂದಕ್ಕೆ 2025ರ ಮೇ 22ರಂದು ಸಹಿ ಬಿತ್ತು. ಹೊರಸಾಗಿಸಲ್ಪಟ್ಟವರಲ್ಲಿ ಹಲವರ ದೂರು ಆಗಲೂ ಹಳೆಯದೇ: ನಮ್ಮನ್ನು ಯಾರೂ ಕೇಳಲಿಲ್ಲ.

ಕೇಳಿದ ಉದಾಹರಣೆಯೂ ಇದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾದಲ್ಲಿ ಫ್ರಾನ್ಸ್ 2018, 2020, 2021ರಲ್ಲಿ ಮೂರು ಸಲ ಜನಮತ ತೆಗೆದುಕೊಂಡಿತು. ಮೊದಲೆರಡರಲ್ಲಿ ಸ್ವಾತಂತ್ರ್ಯ ಬೇಡ ಎಂದವರು ಸ್ವಲ್ಪವೇ ಹೆಚ್ಚಿದ್ದರು. ಮೂರನೆಯದನ್ನು ಸ್ವಾತಂತ್ರ್ಯ ಬೇಕೆನ್ನುವವರು ಬಹಿಷ್ಕರಿಸಿದರು. ಅಲ್ಲಿ ತಕರಾರು ಇನ್ನೂ ಇದೆ. ಜನರನ್ನು ಕೇಳಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲ. ಆದರೆ ಕೇಳದೆ ಬಿಟ್ಟದ್ದರ ಫಲವನ್ನು ನಮ್ಮ ಜಿಲ್ಲೆ ಕಂಡಿದೆ.

ನಮ್ಮ ಜನರನ್ನು ನಿಜವಾಗಿ ಕೇಳಿದ್ದು ಯಾವಾಗ? 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. ಅಲ್ಲಿಗೆ ಕಲ್ಯಾಣಿಯ ರೈತನ ಮೇಲಿದ್ದ ಮೊದಲ ಮೆಟ್ಟಿಲು ಹೋಯಿತು. 1950ರ ಜನವರಿ 26ರಂದು ಸಂವಿಧಾನ ಬಂತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಗಂಡಸು ಹೆಂಗಸು, ಜಮೀನಿದ್ದವರು ಇಲ್ಲದವರು, ಹಿಂದೂ ಮುಸ್ಲಿಂ ಎನ್ನದೆ 21 ವರ್ಷ ತುಂಬಿದ ಎಲ್ಲರ ಕೈಗೂ ಮತಪತ್ರ ಬಂತು. ಲಂಡನ್ ಇಡದೆ ಬಿಟ್ಟ ನಾಲ್ಕನೆಯ ತೂಕ ತಕ್ಕಡಿಗೆ ಬಿದ್ದದ್ದು ಆ ದಿನ ಎಂದು ನಾನು ತಿಳಿಯುತ್ತೇನೆ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ನಿಮ್ಮ ಪ್ರವೇಶ, ನೌಕರಿಗಳಿಗೆ ಮೀಸಲು ಕೊಡುವ 371(ಜೆ) ವಿಧಿಯೂ ಹೈದರಾಬಾದ್ ಭಾಗ ಹಿಂದೆ ಉಳಿದದ್ದಕ್ಕೆ ಸಂವಿಧಾನ ತಡವಾಗಿ ಕೊಟ್ಟ ಉತ್ತರವೇ.

ಒಂದು ನಿರ್ಧಾರವನ್ನು ಓದುವುದು ಹೇಗೆ?

ಪರೀಕ್ಷೆಗಾಗಿ ಇಸವಿಗಳನ್ನು ಕಲಿಯಿರಿ. ಪರೀಕ್ಷೆಯ ಆಚೆಗೆ ಈ ಐದು ಪ್ರಶ್ನೆಗಳನ್ನು ಕಲಿಯಿರಿ. ಯಾವುದೇ ಸರ್ಕಾರ ದೂರದ ಜನರ ಬಗ್ಗೆ ನಿರ್ಧಾರ ತೆಗೆದುಕೊಂಡಾಗ, ಅದು ವಸಾಹತೇ ಆಗಿರಲಿ, ಅಣೆಕಟ್ಟಿಗೆ ಮುಳುಗುವ ಹಳ್ಳಿಯೇ ಆಗಿರಲಿ, ಇವನ್ನು ಕೇಳಿ.

1. ನಿರ್ಧರಿಸಿದವರು ಯಾರು, ಅವರು ಎಲ್ಲಿ ಕುಳಿತಿದ್ದರು?
2. ಅವರು ಏನೇನನ್ನು ತೂಗಿದರು? ಹಣ, ಬಲ, ಮಾನ, ಇನ್ನೇನು?
3. ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ?
4. ಕಾಗದದಲ್ಲಿ ಬರೆಯದೆ ಬಿಟ್ಟದ್ದು ಏನು?
5. ಅದರ ಬೆಲೆ ತೆತ್ತವರು ಯಾರು?

ಅಭ್ಯಾಸ

ಅ. 1926ರ ರೀಡಿಂಗ್ ಪತ್ರ ಮತ್ತು 1947ರ ಕಾಯ್ದೆಯ ಏಳನೆಯ ಕಲಂ, ಇವೆರಡನ್ನೂ ಹೋಲಿಸಿ ಒಂದು ಪುಟ ಬರೆಯಿರಿ.

ಆ. ಕ್ಯಾಬಿನೆಟ್ ನಿಯೋಗ, ಅಟ್ಲಿ ಘೋಷಣೆ, ಯಥಾಸ್ಥಿತಿ ಒಪ್ಪಂದ, ಪೊಲೀಸ್ ಕಾರ್ಯಾಚರಣೆ, ಜಾಗೀರು ರದ್ದತಿ: ಇವನ್ನು ಕಾಲಾನುಕ್ರಮದಲ್ಲಿ ಬರೆದು, ಪ್ರತಿಯೊಂದರ ಮುಂದೆ ನಿರ್ಧರಿಸಿದವರು ಯಾರು ಎಂದು ಗುರುತಿಸಿ.

ಇ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ನಿಮ್ಮ ಓಣಿಯಲ್ಲಿ, ನಿಮ್ಮ ಹಳ್ಳಿಯಲ್ಲಿ ಅಂಥವರು ಇದ್ದರೆ ಅವರ ಬಳಿ ಕುಳಿತು ಕೇಳಿ. ಉರ್ದು, ಕನ್ನಡ, ಮರಾಠಿ, ಅವರು ಆಡುವ ಭಾಷೆಯಲ್ಲೇ ಬರೆದುಕೊಳ್ಳಿ. ನಿಮ್ಮ ಸಮುದಾಯದವರ ಒಂದು ನೆನಪು, ಇನ್ನೊಂದು ಸಮುದಾಯದವರ ಒಂದು ನೆನಪು, ಎರಡನ್ನೂ ತನ್ನಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಅವರ ಒಪ್ಪಿಗೆಯಿಲ್ಲದೆ ಹೆಸರು ಬರೆಯಬೇಡಿ.

ಮೂರನೆಯ ಅಭ್ಯಾಸಕ್ಕೆ ಅಂಕಗಳಿಲ್ಲ. ಆದರೆ ಅದನ್ನು ಮಾಡಲು ಹೆಚ್ಚು ವರ್ಷಗಳೂ ಉಳಿದಿಲ್ಲ. ಬರೆದು ತಂದವರ ಹಾಳೆಗಳನ್ನು ಗ್ರಂಥಾಲಯದಲ್ಲಿ ಒಂದು ಕಡತ ಮಾಡಿ ಇಡೋಣ. ಮುಂದಿನ ಬ್ಯಾಚಿನವರು ಅಲ್ಲಿಂದ ಓದಲಿ.